ಆಟಕ್ಕೆ ಬೇಕಾದ ಮೊಣಕಾಲು

ಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿ ಕುಳಿತವನನ್ನು ನೋಡಲು ಬರುವವರು ಮೊದಲು ಕೇಳುವ ಮಾತು 'ಹೇಗಾಯಿತು?' ಎಂಬುದು. ಅದಕ್ಕೆ ನಾವು ಕೊಡುವ ಉತ್ತರದ ಮೇಲೆ ಬಂದವರ ಕನಿಕರದ ಪ್ರಮಾಣ ನಿಂತಿರುತ್ತದೆ. ಬಸ್ಸಿನಿಂದ ಬಿದ್ದವನಿಗೆ ಪೂರ್ಣ ಕನಿಕರ. ಸ್ಕೂಟರಿಗೆ ನಾಯಿ ಅಡ್ಡ ಬಂದು ಬಿದ್ದವನಿಗೆ ಕನಿಕರದ ಜೊತೆಗೆ ಬೀದಿನಾಯಿಗಳ ಹಾವಳಿಯನ್ನು ಕುರಿತು ಅರ್ಧ ಗಂಟೆಯ ಮಾತೂ ಸಿಕ್ಕುತ್ತದೆ. ಬಚ್ಚಲಲ್ಲಿ ಜಾರಿದವನಿಗೆ ಸ್ವಲ್ಪ ಕಡಿಮೆ; ಆದರೂ ಬಚ್ಚಲು ಎಲ್ಲರ ಮನೆಯಲ್ಲೂ ಇರುವುದರಿಂದ ಕೇಳಿದವರು ತಮ್ಮ ಕಾಲನ್ನೂ ಒಮ್ಮೆ ನೋಡಿಕೊಳ್ಳುತ್ತಾರೆ. ಅಡಿಕೆ ತೋಟದ ಕೆಲಸದಲ್ಲಿ ಪೆಟ್ಟು ಮಾಡಿಕೊಂಡವನಂತೂ ನಮ್ಮ ಮಲೆನಾಡಿನಲ್ಲಿ ಅರ್ಧ ವೀರನೇ ಸರಿ. ಆದರೆ 'ವಾಲಿಬಾಲ್ ಆಡುವಾಗ' ಎಂದು ಹೇಳಿ ನೋಡಿ. ತಂದ ಮೂಸಂಬಿಯ ಚೀಲವನ್ನು ಮೇಜಿನ ಮೇಲೆ ಇಡಲೋ, ವಾಪಸು ಒಯ್ಯಲೋ ಎಂಬಂತೆ ಒಂದು ಕ್ಷಣ ತಡೆದು, "ಈ ವಯಸ್ಸಿನಲ್ಲಿ ನಿಮಗೆ ಅದೆಲ್ಲ ಬೇಕಿತ್ತೆ, ಸಾರ್?" ಎನ್ನುತ್ತಾರೆ.

ಈ 'ಬೇಕಿತ್ತೆ'ಯನ್ನು 2023ರ ಬೇಸಗೆಯಲ್ಲಿ ನಾನು ಎಷ್ಟು ಸಲ ಕೇಳಿದೆನೆಂದರೆ, ಕನ್ನಡ ಪಾಠ ಹೇಳುವವನ ಹಳೆಯ ಚಾಳಿಯಿಂದ ಆ ಪದವನ್ನೇ ಹಿಡಿದು ತಿರುಗಿಸಿ ನೋಡತೊಡಗಿದೆ. ಹಳಗನ್ನಡದ 'ಬೇೞ್ಕುಂ' ಸವೆದು ಸವೆದು ನಮ್ಮ 'ಬೇಕು' ಆಗಿದೆ. ಸವೆದರೂ ಅದರ ಹೊಟ್ಟೆ ದೊಡ್ಡದು. ಹಸಿದವನು ಅನ್ನ ಬೇಕೆನ್ನುತ್ತಾನೆ; ಮಗು ಚಂದಮಾಮ ಬೇಕೆನ್ನುತ್ತದೆ. ಒಂದು ಇಲ್ಲದಿದ್ದರೆ ಪ್ರಾಣ ಹೋಗುತ್ತದೆ, ಇನ್ನೊಂದು ಇಲ್ಲದಿದ್ದರೆ ಅಳು ಬರುತ್ತದೆ, ಅಷ್ಟೆ. ಕನ್ನಡಕ್ಕೆ ಎರಡೂ 'ಬೇಕು'ಗಳೇ. ಅವುಗಳ ನಡುವೆ ಗೆರೆ ಎಳೆಯುವ ಕೆಲಸವನ್ನು ಭಾಷೆ ನಮ್ಮ ಪಾಲಿಗೆ ಬಿಟ್ಟಿದೆ. ನಲವತ್ತೈದು ವರ್ಷ ಆ ಗೆರೆಯ ಗೊಡವೆ ನನಗಿರಲಿಲ್ಲ. ಅದನ್ನು ಎಳೆಯಲೇಬೇಕಾಗಿ ಬಂದದ್ದು ಶಿವಮೊಗ್ಗೆಯ ಒಬ್ಬ ಮೂಳೆ ವೈದ್ಯರ ಕೋಣೆಯಲ್ಲಿ.

ಅದನ್ನು ಹೇಳುವ ಮೊದಲು ಆಟದ ವಿಚಾರ ಸ್ವಲ್ಪ ಹೇಳಬೇಕು. ನನ್ನ ಹಳ್ಳಿ ತೀರ್ಥಹಳ್ಳಿಯ ಕಡೆಯದು. ಅಲ್ಲಿ ಕ್ರಿಕೆಟ್ಟಿಗೆ ಸಾಲುವಷ್ಟು ಮಟ್ಟಸವಾದ ನೆಲ ಎಲ್ಲಿದೆ? ಬೀಸಿ ಹೊಡೆದ ಚೆಂಡು ಕಣಿವೆಗಿಳಿದರೆ ಅದನ್ನು ಹುಡುಕಿ ತರುವ ಹೊತ್ತಿಗೆ ದೀಪ ಹಚ್ಚುವ ವೇಳೆಯಾಗುತ್ತದೆ. ವಾಲಿಬಾಲಿಗೆ 18 ಮೀಟರ್ ಉದ್ದ, 9 ಮೀಟರ್ ಅಗಲದ ನೆಲ ಸಿಕ್ಕರೆ ಸಾಕು. ಕೊಯ್ಲಾದ ಗದ್ದೆಯ ಕೂಳೆ ಕೆತ್ತಿ, ನೀರು ಚಿಮುಕಿಸಿ, ದಮ್ಮಸ್ಸು ಮಾಡಿದರೆ ಅಂಕಣ ಸಿದ್ಧ. ಎರಡು ಅಡಿಕೆ ಮರದ ಕಂಬ, ನಡುವೆ ಬಲೆ. ಬಲೆಗೆ ದುಡ್ಡಿಲ್ಲದ ವರ್ಷ ಬರಿಯ ಹಗ್ಗ. ನಾವು ಹುಡುಗರಾಗಿದ್ದಾಗ 15 ಅಂಕಕ್ಕೆ ಒಂದು ಸೆಟ್ಟು, ಅದೂ ಸರ್ವಿಸ್ ಮಾಡಿದ ಪಕ್ಷಕ್ಕೆ ಮಾತ್ರ ಅಂಕ. ಆದ್ದರಿಂದ ಒಂದೊಂದು ಸೆಟ್ಟು ಮುಗಿಯುವುದೂ ಒಂದೊಂದು ಮದುವೆ ಮುಗಿದಂತೆ. ಈಗ 25ಕ್ಕೆ ಸೆಟ್ಟು, ಪ್ರತಿ ಹೊಡೆತಕ್ಕೂ ಯಾರಿಗಾದರೂ ಒಂದು ಅಂಕ. ಬೇಸಗೆ ಬಂತೆಂದರೆ ಊರೂರಿಗೆ 'ಹೊನಲು ಬೆಳಕಿನ ಪಂದ್ಯಾವಳಿ'. ಅದರ ಕರಪತ್ರದ ಕನ್ನಡವನ್ನು ಕುರಿತೇ ಒಂದು ಪ್ರಬಂಧ ಬರೆಯಬಹುದು, ಇರಲಿ.

ಈ ಆಟ ಹುಟ್ಟಿದ ಬಗೆ ನನಗೆ ತಿಳಿದದ್ದು ಕಾಲು ಮಡಿಸಲಾಗದೆ ಮಲಗಿದ್ದ ದಿನಗಳಲ್ಲಿ ಓದಿ. ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಹೋಲಿಯೋಕ್ ಎಂಬ ಊರಿನ ವೈ.ಎಂ.ಸಿ.ಎ.ಯಲ್ಲಿ ವಿಲಿಯಂ ಮಾರ್ಗನ್ ಎಂಬ ವ್ಯಾಯಾಮ ಶಿಕ್ಷಕರು 1895ರಲ್ಲಿ ಇದನ್ನು ಕಟ್ಟಿದರು. ಬ್ಯಾಸ್ಕೆಟ್‌ಬಾಲ್ ಆಗಷ್ಟೇ ಬಂದಿತ್ತು; ಹುಡುಗರಿಗೆ ಅದು ಸರಿ. ಆದರೆ ಸಂಜೆ ಅಂಗಡಿ ಮುಚ್ಚಿ, ಕಚೇರಿ ಮುಗಿಸಿ ಬರುತ್ತಿದ್ದ ನಡುವಯಸ್ಸಿನ ವ್ಯಾಪಾರಸ್ಥರಿಗೆ ಅಷ್ಟು ಓಟ, ಅಷ್ಟು ತಳ್ಳಾಟ ಹೆಚ್ಚಾಗುತ್ತಿತ್ತು. ಅವರಿಗಾಗಿ ನಡುವೆ ಬಲೆ ಕಟ್ಟಿ, ಮೈಗೆ ಮೈ ತಾಗದ ಹಾಗೆ ಮಾಡಿದ ಆಟವೇ ಇದು. ಎಂದರೆ ವಾಚಕರು ಗಮನಿಸಬೇಕು: ಜಗತ್ತಿನಲ್ಲಿ ನನ್ನ ವಯಸ್ಸಿನವರಿಗೆಂದೇ ಹುಟ್ಟಿಸಿದ ಆಟ ಯಾವುದಾದರೂ ಇದ್ದರೆ ಅದು ವಾಲಿಬಾಲ್. ಮೂಸಂಬಿ ತಂದವರೊಬ್ಬರಿಗೆ ಇದನ್ನು ಹೇಳಿದೆ. ಅವರು, "ಆ ವ್ಯಾಪಾರಸ್ಥರು ಹೀಗೆ ಹಾರುತ್ತಿರಲಿಲ್ಲ ಬಿಡಿ" ಎಂದರು. ಅದೂ ನಿಜವಿರಬೇಕು.

ನಮ್ಮ ಕಾಲೇಜಿನ ಗ್ರಂಥಾಲಯದ ಹಿಂದೆ ಒಂದು ಮಣ್ಣಿನ ಅಂಕಣವಿದೆ. ಸಂಜೆ ಐದೂವರೆಗೆ ಅಲ್ಲಿ ಸೇರುವವರ ಪಟ್ಟಿ ಯಾವ ಸಭೆಯ ಆಹ್ವಾನ ಪತ್ರಿಕೆಯಲ್ಲೂ ಒಟ್ಟಿಗೆ ಬರುವಂಥದಲ್ಲ. ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು, ಅಡಿಕೆ ಮಂಡಿಯ ಒಬ್ಬ ಯುವಕ, ಬಸ್ ನಿಲ್ದಾಣದ ಆಟೋ ಚಾಲಕ, ವಿದ್ಯಾರ್ಥಿ ನಿಲಯದ ಅಡುಗೆಯವರು, ಬಿ.ಎ. ಓದುವ ಮೂರೋ ನಾಲ್ಕೋ ಹುಡುಗರು, ನಮ್ಮ ಪಿ.ಡಿ. ಸಾಹೇಬರು, ನಾನು. ಚೆಂಡು ಮೇಲೇಳುವವರೆಗೆ ನಾನು 'ಸಾರ್'. ಚೆಂಡು ಮೇಲೆದ್ದ ಮೇಲೆ ಆಟೋ ಚಾಲಕ ನನ್ನ ಕಿವಿಯ ಹತ್ತಿರ "ನಂದು!" ಎಂದು ಕೂಗಿದರೆ ನಾನು ಪಕ್ಕಕ್ಕೆ ಸರಿಯಬೇಕು; ನಾನು "ನಂದು!" ಎಂದರೆ ಅವನು ಸರಿಯಬೇಕು. ಹಗಲೆಲ್ಲ ತರಗತಿಯಲ್ಲಿ ಷಷ್ಠೀ ವಿಭಕ್ತಿಯನ್ನು ವಿವರಿಸುವವನಿಗೆ ಅದರ ಇಷ್ಟು ನಿಚ್ಚಳವಾದ ಪ್ರಯೋಗ ಬೇರೆಲ್ಲೂ ಸಿಕ್ಕಿಲ್ಲ. 'ನಂದು' ಎಂದವನದು ಚೆಂಡು. ಅರೆಗಳಿಗೆ ಅವನದು, ಆಮೇಲೆ ಯಾರದೂ ಅಲ್ಲ. ದಿನಕ್ಕೆ ನಾಲ್ಕು ಗಂಟೆ ನಾನೊಬ್ಬನೇ ಮಾತಾಡಿ, ಅರವತ್ತು ಜನ ಕೇಳುತ್ತಿರುವಂತೆ ನಟಿಸುವ ವೃತ್ತಿ ನನ್ನದು. ಸಂಜೆಯ ಈ ಒಂದು ಗಂಟೆಯಲ್ಲಿ ನಾನಾಡುವ ಮಾತು ಅದೊಂದೇ, ಮತ್ತು ಅದನ್ನು ಎಲ್ಲರೂ ಕೇಳುತ್ತಾರೆ.

ಅಲ್ಲಿಯೇ, 2023ರ ಜನವರಿಯ ಒಂದು ಸಂಜೆ, ಎತ್ತಿಕೊಟ್ಟ ಚೆಂಡಿಗೆ ಹಾರಿದೆ, ಹೊಡೆದೆ, ಎಡಗಾಲಿನ ಮೇಲೆ ಇಳಿದೆ. ಇಳಿಯುವಾಗ ಮೈ ಒಂದು ದಿಕ್ಕಿಗೆ ತಿರುಗಿತು, ಪಾದ ಮಣ್ಣಿನಲ್ಲಿ ನೆಟ್ಟಂತೆ ಉಳಿಯಿತು. ಮೊಣಕಾಲಿನ ಒಳಗೆ 'ಪಟ್' ಎಂದು ಹಸಿ ಬರಲು ಮುರಿದಂಥ ಸದ್ದು. ನನಗೆ ಕೇಳಿಸಿತು, ಪಕ್ಕದಲ್ಲಿದ್ದ ಅಡುಗೆಯವರಿಗೂ ಕೇಳಿಸಿತಂತೆ. ಚೆಂಡು ಆಚೆಯ ಅಂಕಣದಲ್ಲಿ ಬಿದ್ದು ಅಂಕ ನಮಗೇ ಬಂತು ಎಂಬುದನ್ನು ಇಲ್ಲಿ ಹೇಳದಿದ್ದರೆ ಅನ್ಯಾಯವಾಗುತ್ತದೆ. ರಾತ್ರಿ ಊಟದ ಹೊತ್ತಿಗೆ ಮಂಡಿ ಗುಂಡನೆಯ ಕುಂಬಳಕಾಯಿಯಾಗಿತ್ತು.

ಊರಿನಿಂದ ಅಮ್ಮ ಬಂದಳು. "ನಿಂಗೆ ಎಂತಕ್ಕೆ ಬೇಕಿತ್ತಾ ಮಾರಾಯ, ಈ ಕುಣಿಯೋ ಕೆಲಸ?" ಎನ್ನುತ್ತಲೇ ಎಣ್ಣೆ ಕಾಯಿಸಿದಳು. "ನರ ಉಳುಕಿದೆ" ಎಂದಳು. ಬಂದವರೆಲ್ಲರೂ ನರವೆಂದೇ ಅಂದರು. ನಮ್ಮ ಜನರ ಶರೀರಶಾಸ್ತ್ರ ಬಹಳ ಸರಳ: ಒಳಗೆ ಇರುವುದರಲ್ಲಿ ಮೂಳೆಯೂ ಅಲ್ಲ, ಮಾಂಸವೂ ಅಲ್ಲ ಎನಿಸಿದ್ದೆಲ್ಲ ನರ. ಮೂರು ವಾರಕ್ಕೆ ಬಾವು ಇಳಿಯಿತು. ನಡೆದಾಡಿದೆ, ಕಾಲೇಜಿಗೆ ಹೋದೆ. ಆದರೆ ಒಂದು ದಿನ ತರಗತಿಯ ಕಟ್ಟೆಯಿಂದ ಓರೆಯಾಗಿ ಇಳಿದಾಗ ಮಂಡಿ ನನ್ನದಲ್ಲವೆಂಬಂತೆ ಕುಸಿಯಿತು. ಮುಂದಿನ ಬೆಂಚಿನ ಹುಡುಗಿ ಹಿಡಿದುಕೊಳ್ಳದಿದ್ದರೆ ಬೀಳುತ್ತಿದ್ದೆ. ಆ ವಾರವೇ ಶಿವಮೊಗ್ಗೆಗೆ ಹೋದೆ.

ವೈದ್ಯರು ನನ್ನ ವಯಸ್ಸಿನವರೇ. ನನ್ನನ್ನು ಮಲಗಿಸಿ, ಒಂದು ಕೈಯಲ್ಲಿ ತೊಡೆ, ಇನ್ನೊಂದು ಕೈಯಲ್ಲಿ ಮೀನಖಂಡದ ಮೇಲ್ಭಾಗ ಹಿಡಿದು, ಮೊಣಕಾಲನ್ನು ಸ್ವಲ್ಪ ಬಾಗಿಸಿ ಮುಂದಕ್ಕೆ ಎಳೆದರು. ಬಲಗಾಲು ಅಲ್ಲಾಡಲಿಲ್ಲ, ಎಡಗಾಲು ಸಡಿಲವಾದ ಮೇಜಿನ ಖಾನೆಯ ಹಾಗೆ ಮುಂದಕ್ಕೆ ಬಂತು. "ಹರಿದಿದೆ" ಎಂದರು. ಎಂ.ಆರ್.ಐ. ಆಮೇಲೆ ಅದನ್ನೇ ಹೇಳಿತು, ದುಡ್ಡು ತೆಗೆದುಕೊಂಡು. ಹರಿದದ್ದು ಆಂಟೀರಿಯರ್ ಕ್ರೂಸಿಯೇಟ್ ಲಿಗಮೆಂಟ್. ತೊಡೆಯ ಮೂಳೆಗೂ ಮೊಣಕಾಲಿನ ಕೆಳಗಿನ ಮೂಳೆಗೂ ನಡುವೆ, ಕೀಲಿನ ಒಳಗೇ, ಕತ್ತರಿಯಾಕಾರದಲ್ಲಿ ಒಂದನ್ನೊಂದು ಹಾಯುವ ಎರಡು ಕಟ್ಟುಗಳಿವೆ. ಮುಂದಿನದು ಸುಮಾರು 3 ಸೆಂಟಿಮೀಟರ್ ಉದ್ದ, ಕಿರುಬೆರಳಿನಷ್ಟು ದಪ್ಪ. ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ, ಮಂಡಿ ತಿರುಚಿಕೊಳ್ಳದಂತೆ ಹಿಡಿದಿರುವುದು ಇದೇ. ಕೈ ಮುರಿದರೆ ಮೂಳೆ ಕೂಡಿಕೊಳ್ಳುತ್ತದೆ, ಚರ್ಮ ಸೀಳಿದರೆ ಬೆಸೆಯುತ್ತದೆ. ಈ ಕಟ್ಟು ಪೂರ್ತಿ ಹರಿದರೆ ತಾನಾಗಿ ಕೂಡಿಕೊಳ್ಳುವುದು ಅಪರೂಪ. ಕೀಲಿನ ದ್ರವದಲ್ಲಿ ಸದಾ ತೊಯ್ದಿರುವುದರಿಂದ ಹರಿದ ತುದಿಗಳ ನಡುವೆ ರಕ್ತ ಹೆಪ್ಪುಗಟ್ಟಿ ನಿಲ್ಲುವುದಿಲ್ಲ, ಹೆಪ್ಪಿಲ್ಲದೆ ಬೆಸುಗೆಯಿಲ್ಲ.

"ಹಾಗಾದರೆ ಶಸ್ತ್ರಚಿಕಿತ್ಸೆ ಬೇಕೇ?" ಎಂದೆ.

ಅವರು ತಕ್ಷಣ ಉತ್ತರ ಕೊಡಲಿಲ್ಲ. "ನೋಡಿ ಮೇಷ್ಟ್ರೇ," ಎಂದರು, "ನಡೆಯೋದಕ್ಕೆ, ಮೆಟ್ಟಿಲು ಹತ್ತೋದಕ್ಕೆ, ಸ್ಕೂಟರು ಓಡಿಸೋದಕ್ಕೆ, ಪಾಠ ಮಾಡೋದಕ್ಕೆ ಇದು ಬೇಕಾಗಿಲ್ಲ. ತೊಡೆ ಗಟ್ಟಿ ಮಾಡಿಕೊಂಡರೆ ಇದಿಲ್ಲದೆಯೂ ನೂರು ವರ್ಷ ಬಾಳಬಹುದು. ಓಡುತ್ತಾ ತಟ್ಟನೆ ತಿರುಗೋನಿಗೆ, ಹಾರಿ ಇಳಿಯೋನಿಗೆ ಬೇಕು. ನೀವು ಆಟ ಬಿಡೋದಾದರೆ ಬೇಡ ಅಂತಲೇ ನನ್ನ ಸಲಹೆ. ಬಿಡೋದಿಲ್ಲ ಅಂದರೆ ಮಾಡಿಸಿ. ಇಲ್ಲದಿದ್ದರೆ ಪ್ರತಿ ಸಲ ಮಂಡಿ ಕುಸಿದಾಗಲೂ ಒಳಗಿನ ಮೆತ್ತೆ ಸವೆದು ಹೋಗತ್ತೆ. ಯೋಚನೆ ಮಾಡಿ ಬನ್ನಿ. ಅವಸರವೇನೂ ಇಲ್ಲ."

ಅವರ ಮೇಲೆ ನನಗೆ ಗೌರವ ಹುಟ್ಟಿತು. ಜೊತೆಗೆ ಸ್ವಲ್ಪ ಸಿಟ್ಟೂ ಬಂತು. 'ಬೇಕೇ ಬೇಕು' ಎಂದುಬಿಟ್ಟಿದ್ದರೆ ನನ್ನ ದಾರಿ ಸುಲಭವಾಗುತ್ತಿತ್ತು. ವೈದ್ಯರು ಹೇಳಿದರು, ಮಾಡಿಸಿಕೊಂಡೆ ಎಂದು ಬಂಧುಗಳಿಗೆ ಹೇಳಬಹುದಿತ್ತು. ಹಾಗೆ ಮಾಡದೆ ಅವರು ಆ ಎರಡು 'ಬೇಕು'ಗಳನ್ನೂ ಬೇರೆ ಬೇರೆಯಾಗಿ ನನ್ನ ಮುಂದಿಟ್ಟು ಆರಿಸಿಕೋ ಎಂದರು. ಬದುಕುವುದಕ್ಕೆ ಬೇಡದ, ಆಡುವುದಕ್ಕೆ ಮಾತ್ರ ಬೇಕಾದ ಮೂರು ಸೆಂಟಿಮೀಟರಿಗಾಗಿ ಒಂದು ಹೊಸ ಸ್ಕೂಟರಿನ ಬೆಲೆಗಿಂತ ಹೆಚ್ಚು ಹಣ, ಒಂಬತ್ತು ತಿಂಗಳ ಕಾಲ, ಮನೆಯವರ ಮೇಲೆ ಭಾರ. ಇದಕ್ಕೆ ಏನು ಸಮರ್ಥನೆ?

ಓದುವ ಚಟದವನು ಓದಿದೆ. ಸ್ವೀಡನ್ನಿನಲ್ಲಿ ಹೀಗೆ ಕಟ್ಟು ಹರಿದ 121 ಜನರನ್ನು ಎರಡು ಗುಂಪು ಮಾಡಿ ನಡೆಸಿದ ಒಂದು ಪರೀಕ್ಷೆಯ ಫಲ 2010ರಲ್ಲಿ ಪ್ರಕಟವಾಗಿದೆ. ಒಂದು ಗುಂಪಿಗೆ ಬೇಗನೆ ಶಸ್ತ್ರಚಿಕಿತ್ಸೆ; ಇನ್ನೊಂದಕ್ಕೆ ಮೊದಲು ವ್ಯಾಯಾಮ, ಅಗತ್ಯ ಬಿದ್ದರೆ ಆಮೇಲೆ ಶಸ್ತ್ರಚಿಕಿತ್ಸೆ. ಎರಡು ವರ್ಷಕ್ಕೆ ನೋಡಿದರೆ ಎರಡು ಗುಂಪಿನ ಮೊಣಕಾಲುಗಳೂ ಸರಿಸುಮಾರು ಒಂದೇ ಸಮ. ಎರಡನೆಯ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಕತ್ತಿಯೇ ಬೇಕಾಗಲಿಲ್ಲ. ಆದರೆ ಆ 121 ಜನರಲ್ಲಿ ಮೂವತ್ತೈದು ದಾಟಿದವರು ಒಬ್ಬರೂ ಇರಲಿಲ್ಲ. ನನ್ನಂಥವನಿಗೆ ಶಾಸ್ತ್ರವೂ ಅಪ್ಪಣೆ ಕೊಡಲಿಲ್ಲ, ನಿಷೇಧವನ್ನೂ ಹೇಳಲಿಲ್ಲ.

ಎರಡು ತಿಂಗಳು ಆಟವಿಲ್ಲದೆ ಇದ್ದು ನೋಡಿದೆ. ವ್ಯಾಯಾಮ ಮಾಡಿದೆ, ಸಂಜೆ ವಾಕಿಂಗ್ ಹೋದೆ. ವಾಕಿಂಗ್ ಹೋಗುವವರ ಬಗ್ಗೆ ನನಗೆ ತಿರಸ್ಕಾರವಿಲ್ಲ. ಅವರು ಆರೋಗ್ಯವಂತರು, ಮಿತಭಾಷಿಗಳಲ್ಲದಿದ್ದರೂ ಸಜ್ಜನರು. ಆದರೆ ಅವರು ನಡೆಯುವುದು ಸಕ್ಕರೆ ಇಳಿಸಲು, ರಕ್ತದೊತ್ತಡ ಇಳಿಸಲು, ಹೊಟ್ಟೆ ಇಳಿಸಲು. ಪ್ರತಿ ಹೆಜ್ಜೆಗೂ ಒಂದು ಕಾರಣವಿದೆ. ಬೆಳಗ್ಗೆ ಎದ್ದದ್ದು ಮೊದಲುಗೊಂಡು ನಾನು ಮಾಡುವ ಎಲ್ಲವೂ ಹೀಗೆ ಇನ್ನೊಂದಕ್ಕಾಗಿಯೇ: ಪಾಠ ಪರೀಕ್ಷೆಗಾಗಿ, ಸಭೆ ವರದಿಗಾಗಿ, ವರದಿ ಮೇಲಿನವರಿಗಾಗಿ. ಆ ಮಣ್ಣಿನ ಅಂಕಣವೊಂದರಲ್ಲಿ ಮಾತ್ರ ನಾನು ಹಾರಿದ್ದು ಹಾರುವುದಕ್ಕಾಗಿಯೇ. ಇದನ್ನು ನಾನು ಯಾರಿಗೂ ಇಷ್ಟು ಬಿಡಿಸಿ ಹೇಳಲಿಲ್ಲ. ಹೇಳದಿದ್ದರೂ ಮನೆಯಾಕೆಗೆ ತಿಳಿದಿತ್ತು. ಒಂದು ರಾತ್ರಿ ಬೆಂಡೆಕಾಯಿ ಹೆಚ್ಚುತ್ತ, "ಅಲ್ಲ ರೀ, ಆಟ ಬಿಟ್ಟು ಆರು ಗಂಟೆಗೇ ಮನೆಗೆ ಬಂದು ನೀವು ಎಂತ ಮಾಡ್ತೀರಿ ಅಂತ ಈ ಎರಡು ತಿಂಗಳು ನೋಡಿದೀನಿ. ಮಗನ ಹೋಂವರ್ಕಿಗೆ ತಪ್ಪು ಹುಡುಕ್ತೀರಿ, ನನ್ನ ಸಾರಿಗೆ ಉಪ್ಪು ಹುಡುಕ್ತೀರಿ. ಮಾಡಿಸ್ಕೊಂಡು ಬಿಡಿ ಮಾರಾಯ್ರೆ" ಎಂದಳು. ಅಲ್ಲಿಗೆ ತೀರ್ಮಾನವಾಯಿತು. ಹಣಕ್ಕೆ ಸಹಕಾರ ಸಂಘದಲ್ಲಿ ಸಾಲ.

ಮಾರ್ಚ್ ಕೊನೆಯಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಬೆನ್ನಿಗೆ ಸೂಜಿ ಕೊಟ್ಟು ಸೊಂಟದ ಕೆಳಗಿನದನ್ನೆಲ್ಲ ನನ್ನಿಂದ ಕಳಚಿದರು. ಎಚ್ಚರವಿದ್ದೆ. ನೋಡಬೇಕೆಂದು ಕೇಳಿಕೊಂಡದ್ದರಿಂದ ಪರದೆಯನ್ನು ನನ್ನ ಕಡೆಗೆ ತಿರುಗಿಸಿದರು. ಪೆನ್ಸಿಲಿಗಿಂತ ಸಣ್ಣ ದುರ್ಬೀನನ್ನು ಒಂದು ರಂಧ್ರದಿಂದ ಒಳಗಿಟ್ಟು, ನೀರು ಹಾಯಿಸಿ ಕೀಲನ್ನು ಉಬ್ಬಿಸಿ ನೋಡುವ ವಿದ್ಯೆ ಇದು. ಟೋಕಿಯೋದ ಕೆಂಜಿ ಟಕಾಗಿ ಎಂಬವರು 1918ರಲ್ಲಿ ಮೂತ್ರಕೋಶ ನೋಡುವ ಕೊಳವೆಯನ್ನು ಹೆಣದ ಮೊಣಕಾಲಿಗೆ ತೂರಿಸಿ ಇದಕ್ಕೆ ನಾಂದಿ ಹಾಡಿದರು. ಅವರ ಶಿಷ್ಯ ಮಸಾಕಿ ವಟನಬೆ 1962ರಲ್ಲಿ ಅದೇ ದಾರಿಯಿಂದ ಒಳಗಿನ ಹರಿದ ಮೆತ್ತೆಯನ್ನು ಕತ್ತರಿಸಿ ತೆಗೆದರು. ನನ್ನ ಮೊಣಕಾಲಿನ ಒಳಗು ಕೆರೆಯ ತಳದ ಹಾಗಿತ್ತು: ಬೆಳ್ಳಗಿನ ನುಣುಪು ಗೋಡೆಗಳು, ನೀರಿನಲ್ಲಿ ತೇಲುವ ಎಳೆಗಳು. "ಇದೇ ನೋಡಿ" ಎಂದು ವೈದ್ಯರು ಸಲಾಕೆಯಿಂದ ಮುಟ್ಟಿ ತೋರಿಸಿದರು. ನೆನೆದ ಹೂಬತ್ತಿಯ ತುಂಡು. ಇಷ್ಟು ವರ್ಷ ಪ್ರತಿ ಹಾರಾಟದ ಕೊನೆಯಲ್ಲೂ ನನ್ನನ್ನು ನೆಲಕ್ಕೆ ಇಳಿಸಿದ್ದು ಇದೇ ಎಂದು ನಂಬುವುದು ಕಷ್ಟವಾಯಿತು.

ಹರಿದದ್ದನ್ನು ಹೊಲಿಯುವುದಿಲ್ಲ, ಹೊಸದನ್ನು ಕಟ್ಟುತ್ತಾರೆ. ನನ್ನದೇ ತೊಡೆಯ ಹಿಂಭಾಗದಿಂದ ಎರಡು ಸ್ನಾಯುರಜ್ಜುಗಳನ್ನು ತೆಗೆದು, ಮಡಿಸಿ ಹುರಿಮಾಡಿ, ಮೇಲಿನ ಮೂಳೆಗೊಂದು ಕೆಳಗಿನ ಮೂಳೆಗೊಂದು ಸುರಂಗ ಕೊರೆದು, ಅದರಲ್ಲಿ ಎಳೆದು ಬಿಗಿದರು. ಮೊಣಕಾಲಿಗೆ ತೊಡೆ ಕೊಟ್ಟ ಸಾಲ. ಹಿಂದೆ ಹೊಲಿದೇ ನೋಡಿದ್ದರು: ಇಂಗ್ಲೆಂಡಿನ ಲೀಡ್ಸಿನಲ್ಲಿ ಮೇಯೋ ರಾಬ್ಸನ್ ಎಂಬ ಶಸ್ತ್ರವೈದ್ಯರು ನಲವತ್ತೊಂದು ವರ್ಷದ ಗಣಿ ಕಾರ್ಮಿಕನೊಬ್ಬನ ಕಟ್ಟುಗಳನ್ನು ಕರುಳಿನ ದಾರದಿಂದ ಹೊಲಿದರು, ವರ್ಷಗಳ ಮೇಲೆ ಅವನು ತನ್ನ ಕಾಲು ಗಟ್ಟಿಯಾಗಿದೆ ಎಂದನಂತೆ. ಆ ವರ್ಷವೂ 1895. ಸಾಗರದ ಒಂದು ದಡದಲ್ಲಿ ಮಾರ್ಗನ್ ಸಾಹೇಬರು ನಡುವಯಸ್ಸಿನವರಿಗೆ ಬಲೆ ಕಟ್ಟುತ್ತಿದ್ದಾಗ, ಇನ್ನೊಂದು ದಡದಲ್ಲಿ ರಾಬ್ಸನ್ ಸಾಹೇಬರು ನಡುವಯಸ್ಸಿನವನ ಮಂಡಿಗೆ ದಾರ ಹಾಕುತ್ತಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಿಳಿದಿರಲಾರದು. ನನಗೆ ಮಾತ್ರ ಇಬ್ಬರೂ ಮಾತಾಡಿಕೊಂಡೇ ಮಾಡಿದಂತೆ ತೋರಿತು.

ನೋವಿನ ವಿಷಯ ಹೇಳುವುದಿಲ್ಲ. ನೋವು ಎಲ್ಲರಿಗೂ ಗೊತ್ತು. ಹೊಸದಾಗಿ ತಿಳಿದದ್ದು ಅವಿಧೇಯತೆ. ಮರುದಿನವೇ ವ್ಯಾಯಾಮ ಕಲಿಸಲು ಬಂದ ಫಿಸಿಯೋಥೆರಪಿಸ್ಟ್ ಹುಡುಗಿ ನನ್ನನ್ನು ನೋಡಿ, "ಅಯ್ಯೋ ಸರ್, ನೀವಾ?" ಎಂದಳು. ಪಿ.ಯು.ಸಿ.ಯಲ್ಲಿ ನನ್ನ ಶಿಷ್ಯೆ; ಸಂಧಿಗಳಲ್ಲಿ ಯಾವಾಗಲೂ ದುರ್ಬಲಳಾಗಿದ್ದವಳು. ಈಗ ಸಂಧಿಯಲ್ಲಿ ದುರ್ಬಲನಾದವನು ನಾನು. ಮಂಡಿಚಿಪ್ಪಿನ ಮೇಲೆ ಎರಡು ಬೆರಳಿಟ್ಟು, "ತೊಡೆಯನ್ನ ಬಿಗಿ ಮಾಡಿ ಸರ್" ಎಂದಳು. ಮಾಡಿದೆ. "ಮಾಡಿ ಸರ್." ಮಾಡುತ್ತಿದ್ದೇನೆ ಎಂದೆ. "ಇಲ್ಲ ಸರ್, ಏನೂ ಆಗ್ತಿಲ್ಲ." ನೋಡಿದೆ: ತೊಡೆ ಸತ್ತ ಮೀನಿನ ಹಾಗೆ ಮಲಗಿತ್ತು. ಕೀಲಿನಲ್ಲಿ ನೀರು ತುಂಬಿದಾಗ ಶರೀರ ತಾನಾಗಿಯೇ ತೊಡೆಯ ಸ್ನಾಯುವಿನ ಬಾಯಿ ಕಟ್ಟುತ್ತದಂತೆ. ಮಿದುಳಿನ ಆಜ್ಞೆ ಹೊರಡುತ್ತದೆ, ತಲುಪುವುದಿಲ್ಲ. ಹುಟ್ಟಿದಂದಿನಿಂದ ಹೇಳದೆಯೇ ಕೇಳುತ್ತಿದ್ದ ಅಂಗ ಈಗ ಹೇಳಿದರೂ ಕೇಳಲೊಲ್ಲದು. ನಾಲ್ಕನೆಯ ದಿನ ಅವಳ ಬೆರಳಡಿ ಏನೋ ಇರುವೆ ಹರಿದಂತೆ ಮಿಸುಕಿತು. "ಬಂತು ಸರ್!" ಎಂದು ಅವಳು ಕೂಗಿದ್ದು ಕೇಳಿ ಪಕ್ಕದ ಕೋಣೆಯವರು ಬಾಗಿಲಲ್ಲಿ ಇಣುಕಿದರು. ನನ್ನ ಒಂದು ಪದ್ಯವಾಚನಕ್ಕೂ ಅವಳು ಅಷ್ಟು ಸಂತೋಷಪಟ್ಟವಳಲ್ಲ.

ಆರನೆಯ ವಾರ ಊರುಗೋಲು ಬಿಟ್ಟೆ. ತೊಡೆಯ ಸುತ್ತಳತೆ ಬಲಕ್ಕಿಂತ ಎಡಕ್ಕೆ ನಾಲ್ಕು ಸೆಂಟಿಮೀಟರ್ ಕಡಿಮೆ. ಕಾಲೇಜು ತೆರೆದ ಮೇಲೆ ಪದವಿ ತರಗತಿಗೆ ರನ್ನನ ಗದಾಯುದ್ಧ ನನ್ನ ಪಾಲಿಗೆ ಬಂದಿತ್ತು. ಮಂಡಿಗೆ ಪಟ್ಟಿ ಕಟ್ಟಿಕೊಂಡು, ಕುರ್ಚಿಯಲ್ಲಿ ಕಾಲು ಚಾಚಿ ಕುಳಿತು, ತೊಡೆ ಮುರಿದು ಬಿದ್ದ ದುರ್ಯೋಧನನ ಭಾಗವನ್ನು ಹೇಳಿದೆ. ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದ ಪಾಠ. ಆ ಸಲ ಮಾತ್ರ ಹುಡುಗರು ಪುಸ್ತಕವನ್ನೂ ನೋಡುತ್ತಿದ್ದರು, ನನ್ನ ಕಾಲನ್ನೂ ನೋಡುತ್ತಿದ್ದರು. ಹಿಂದಿನ ಬೆಂಚಿನಿಂದ ಒಬ್ಬ, "ಸರ್, ಆಗ ಆಪರೇಷನ್ ಇದ್ದಿದ್ರೆ?" ಎಂದ. ತರಗತಿ ನಕ್ಕಿತು. ನಾನೂ ನಕ್ಕೆ.

ಮದುವೆ ಮನೆಗಳಲ್ಲಿ ನೆಲದ ಪಂಕ್ತಿ ನನಗೆ ಮುಚ್ಚಿತು. ಮೇಜಿನ ಪಂಕ್ತಿಯಲ್ಲಿ ಎಪ್ಪತ್ತು ದಾಟಿದ ಹಿರಿಯರ ನಡುವೆ ಕುಳಿತೆ. ಅವರು ನನ್ನನ್ನು ತಮ್ಮ ಸಂಘಕ್ಕೆ ಬಹಳ ಪ್ರೀತಿಯಿಂದ ಸೇರಿಸಿಕೊಂಡರು. "ಮಂಡಿ ಬದಲಾಯಿಸಿದ್ರಾ? ಒಂದಾ, ಎರಡಾ?" ಪ್ರಧಾನಿ ವಾಜಪೇಯಿಯವರು 2000ದಲ್ಲಿ ಮುಂಬಯಿಯಲ್ಲಿ ಒಂದು ಮೊಣಕಾಲನ್ನೂ ಮರುವರ್ಷ ಇನ್ನೊಂದನ್ನೂ ಬದಲಾಯಿಸಿಕೊಂಡ ಮೇಲೆ ನಮ್ಮ ಜನಕ್ಕೆ ಮೊಣಕಾಲಿನ ಶಸ್ತ್ರಚಿಕಿತ್ಸೆ ಎಂದರೆ ಅದೊಂದೇ. ನನ್ನದು ಬದಲಾವಣೆಯಲ್ಲ, ಕಟ್ಟು ಎಂದು ವಿವರಿಸುವಷ್ಟರಲ್ಲಿ ಹೋಳಿಗೆ ಬರುತ್ತಿತ್ತು. ಅವರಲ್ಲೊಬ್ಬರು ಯಕ್ಷಗಾನದಲ್ಲಿ ವೇಷ ಮಾಡಿದವರು. ಬಭ್ರುವಾಹನನಾಗಿ ರಂಗಸ್ಥಳದ ತುಂಬ ಮಂಡಿ ತಿರುಗಿದವರು. "ಎಷ್ಟು ಮಂಡಿ ಹಾಕಿದೆ ಅಂತ ಲೆಕ್ಕ ಇಟ್ಟೋರ್ಯಾರು? ಈಗ ಬಚ್ಚಲಿಗೆ ಹೋಗಕ್ಕೆ ಮೊಮ್ಮಗ ಬೇಕು" ಎಂದರು. ಹೇಳುವಾಗ ಅವರ ಮುಖದಲ್ಲಿ ಪಶ್ಚಾತ್ತಾಪದ ಸುಳಿವೇ ಇರಲಿಲ್ಲ. ಇನ್ನೊಂದು ಹೋಳಿಗೆ ಹಾಕಿಸಿಕೊಂಡರು. ಇಡೀ ಊರಿನಲ್ಲಿ 'ನಿಮಗೆ ಬೇಕಿತ್ತೆ' ಎಂದು ನನ್ನನ್ನು ಕೇಳದವರು ಅವರೊಬ್ಬರೇ.

ಈ ಚಿಕಿತ್ಸೆಯಲ್ಲಿ ಒಂದು ವಿಚಿತ್ರವಿದೆ. ತೊಡೆಯಿಂದ ಕಿತ್ತು ತಂದ ರಜ್ಜುವಿಗೆ ರಕ್ತದ ಸಂಪರ್ಕ ಕಡಿದಿರುತ್ತದೆ. ಅದು ಮೊದಲು ಸಾಯುತ್ತದೆ. ಆಮೇಲೆ ಅದರೊಳಕ್ಕೆ ಹೊಸ ರಕ್ತನಾಳಗಳು ಮೆಲ್ಲನೆ ಹಬ್ಬಿ, ಅದು ರಜ್ಜುವಿನ ಗುಣ ಬಿಟ್ಟು ಕಟ್ಟಿನ ಗುಣ ಕಲಿಯುತ್ತದೆ. ಈ ಮಾರ್ಪಾಟಿನ ಕಾಲದಲ್ಲಿ, ಸುಮಾರು ಆರರಿಂದ ಹನ್ನೆರಡನೆಯ ವಾರದ ನಡುವೆ, ಅದು ಎಲ್ಲಕ್ಕಿಂತ ದುರ್ಬಲ. ರೋಗಿಗೆ ನೋವು ಹೋಗಿ, ನಡಿಗೆ ಸರಿಯಾಗಿ, 'ಇನ್ನೇನು, ಆಯಿತು' ಎನಿಸುವುದೂ ಆಗಲೇ. ನನಗೆ ಆ ಹನ್ನೆರಡನೆಯ ವಾರ ಬಂದದ್ದು ಜೂನ್ ತಿಂಗಳಿನಲ್ಲಿ. ಮಲೆನಾಡಿನ ಜೂನ್ ಎಂದರೆ ಅಂಗಳ, ಮೆಟ್ಟಿಲು, ಕಟ್ಟೆ ಎಲ್ಲಕ್ಕೂ ಹಾವಸೆ ಹಿಡಿಯುವ ಕಾಲ. ಶ್ರಾದ್ಧಕ್ಕೆಂದು ಊರಿಗೆ ಹೋದೆ. ಉಣುಗೋಲಿನಿಂದ ಜಗುಲಿಯವರೆಗೆ, ಅಲ್ಲಿಂದ ಬಚ್ಚಲವರೆಗೆ ಅಡಿಕೆ ಸೋಗೆ ಹಾಸಿತ್ತು, ಒಂದು ಅಡಿಯೂ ಬಿಡದೆ. ಯಾರು ಹಾಸಿದ್ದೆಂದು ಕೇಳಿದೆ. ಅಮ್ಮ ಒಲೆಯ ಕಡೆ ತಿರುಗಿ, "ಹಾಸದೆ ಎಂತ ಮಾಡಾದು? ನೀ ಹಾರಾದು ಬಿಡ್ತೀಯನಾ?" ಎಂದಳು.

ಒಂಬತ್ತು ತಿಂಗಳಿಗೆ ಮೊದಲು ಅಂಕಣಕ್ಕೆ ಇಳಿದವರಿಗೆ ಮತ್ತೆ ಹರಿಯುವ ಅಪಾಯ ಬಹಳ ಹೆಚ್ಚು ಎಂದು ವೈದ್ಯರು ಹೇಳಿದ್ದರು. ದಿನ ಎಣಿಸಿದರೂ ಸಾಲದು, ಪರೀಕ್ಷೆಯೂ ಉಂಟು: ಒಂದೇ ಕಾಲಿನಲ್ಲಿ ಕುಪ್ಪಳಿಸಿ ಹಾರಿದ ದೂರವನ್ನು ಅಳೆದು, ಪೆಟ್ಟಾದ ಕಾಲು ಒಳ್ಳೆಯ ಕಾಲಿನ ನೂರಕ್ಕೆ ತೊಂಬತ್ತು ಪಾಲಾದರೂ ಹಾರಬೇಕು. ನಾನು ಸಂಜೆ ಅಂಕಣದ ಬದಿಯ ಕಲ್ಲಿನ ಮೇಲೆ ಕುಳಿತು ಅಂಕ ಬರೆದುಕೊಳ್ಳುತ್ತಿದ್ದೆ. ನನ್ನ ಜಾಗಕ್ಕೆ ಬಿ.ಎ. ಎರಡನೆಯ ವರ್ಷದ ಹುಡುಗನೊಬ್ಬ ಬಂದಿದ್ದ. ನನಗಿಂತ ಒಂದು ಮೊಳ ಎತ್ತರ ಹಾರುತ್ತಿದ್ದ. ಇಳಿಯುವಾಗ ಎರಡೂ ಕಾಲಿನ ಮೇಲೆ, ಮಂಡಿ ಮಡಿಸಿ, ಬೆಕ್ಕಿನ ಹಾಗೆ ಇಳಿಯುತ್ತಿದ್ದ. ಹಿಂದೆಲ್ಲ ಅವನು ಹೊಡೆಯುವುದನ್ನು ನೋಡುತ್ತಿದ್ದವನು, ಆ ತಿಂಗಳುಗಳಲ್ಲಿ ಅವನು ಇಳಿಯುವುದನ್ನು ನೋಡಿದೆ.

ಡಿಸೆಂಬರಿನ ಪರೀಕ್ಷೆಯಲ್ಲಿ ನನಗೆ ಬಂದದ್ದು ನೂರಕ್ಕೆ ಎಂಬತ್ತಾರು. ಶಿಷ್ಯೆ ಅಳತೆಪಟ್ಟಿ ಸುತ್ತುತ್ತ, "ಒಂದು ತಿಂಗಳು ಬಿಟ್ಟು ಬನ್ನಿ ಸರ್" ಎಂದಳು. ನಾಲ್ಕು ಅಂಕ ತಾನೆ ಎಂದು ಕೇಳಿದೆ. "ನೀವು ನನಗೆ ಎರಡು ಅಂಕಕ್ಕೆ ಫೇಲ್ ಮಾಡಿದ್ರಿ ಸರ್, 2014ರಲ್ಲಿ" ಎಂದಳು. ಮತ್ತೆ ಮಾತಾಡಲಿಲ್ಲ. 2024ರ ಜನವರಿ ಕೊನೆಗೆ ತೊಂಬತ್ತಮೂರು ಬಂತು.

ಅದೇ ವಾರ ಅಂಕಣಕ್ಕಿಳಿದೆ. ಪಿ.ಡಿ. ಸಾಹೇಬರು ನನ್ನನ್ನು ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಮೊದಲ ಹತ್ತು ನಿಮಿಷ ನನ್ನ ಕಡೆ ಬಂದ ಚೆಂಡೆಲ್ಲಕ್ಕೂ ಆಟೋ ಚಾಲಕ ಓಡಿಬಂದು "ನಂದು!" ಎನ್ನುತ್ತಿದ್ದ. ನಾನು ಸರಿಯುತ್ತಿದ್ದೆ. ಹನ್ನೊಂದನೆಯ ಅಂಕಕ್ಕೋ ಹನ್ನೆರಡನೆಯ ಅಂಕಕ್ಕೋ ಚೆಂಡು ನಮ್ಮಿಬ್ಬರ ನಡುವೆ, ಸ್ವಲ್ಪ ನನ್ನ ಎಡಕ್ಕೆ ಬಂತು. ಅವನು ಬಾಯಿ ತೆರೆಯುವ ಮೊದಲೇ ಕೂಗಿದೆ. ಎಡಗಾಲಿನ ಮೇಲೆ ತಿರುಗಿದೆ. ಮುಂಗೈಗೆ ತಾಗಿದ ಚೆಂಡು ನೇರ ಹೋಗದೆ ಗ್ರಂಥಾಲಯದ ಹೆಂಚಿನ ಮೇಲೆ ಹೋಗಿ ಕುಳಿತಿತು. ಅದನ್ನು ಇಳಿಸಲು ಒಬ್ಬ ಹುಡುಗ ಗೋಡೆ ಹತ್ತಿದ. ಉಳಿದವರು ಯಾರೂ ಚೆಂಡನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ನನ್ನ ಮಂಡಿಯ ಮೇಲಿತ್ತು. ನಾನು ಕಾಲನ್ನು ಒಮ್ಮೆ ಮಡಿಸಿ ಚಾಚಿ ತೋರಿಸಿದೆ. ಆ ಸೆಟ್ಟನ್ನು 25–17ರಲ್ಲಿ ಸೋತೆವು. ಇನ್ನೊಂದು ಆಡುವಷ್ಟು ಬೆಳಕಿತ್ತು. ಆಡಿದೆವು, ಅದನ್ನೂ ಸೋತೆವು.